ತೊರೆಯ ಸೇವೆಯೂ ಮನೆಯ ಮೋರಿಯೂ

ವೃಷಭಾವತಿಯನ್ನು ಸೇರುವ ಒಂದು ಕವಲುಕಾಲುವೆಯ ದಂಡೆಯನ್ನು ಶುಚಿಮಾಡಲು ಬರುವ ಭಾನುವಾರ ಬೆಳಿಗ್ಗೆ ಸ್ವಯಂಸೇವಕರು ನೆರೆಯುವರೆಂದೂ, ಅದರ ಪ್ರಕಟಣೆಯನ್ನು ನಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಬೇಕೆಂದೂ ಕೇಳಿಕೊಂಡು ಕೆಲವು ದಿನಗಳ ಹಿಂದೆ ಮೂವರು ತರುಣರು ನಮ್ಮ ಕಾರ್ಯಾಲಯಕ್ಕೆ ಬಂದಿದ್ದರು. ಪ್ರಕಟಣೆಯನ್ನು ನಾವು ಸಂತೋಷದಿಂದ ಅಂಗೀಕರಿಸಿದೆವು. ಇಂತಹ ಸಂದರ್ಭಗಳಲ್ಲಿ ಸಂಪಾದಕರಾದವರು ಆಡುವ ನಾಲ್ಕು ಪ್ರೋತ್ಸಾಹದ ಮಾತುಗಳನ್ನೂ ತಪ್ಪದೆ ಆಡಿದೆವು. ಹೊರಟು ನಿಂತಾಗ ಅವರಲ್ಲೊಬ್ಬ ಹೆಣ್ಣುಮಗಳು, ಯಾವ ಕುಚೋದ್ಯವೂ ಇಲ್ಲದೆ, “ತಮ್ಮ ಮುದ್ರಣಾಲಯದ ನೀರು ಎಲ್ಲಿಗೆ ಹೋಗುತ್ತದೆ?” ಎಂದು ಕೇಳಿದಳು. ನಮಗೆ ಉತ್ತರ ತಿಳಿದಿರಲಿಲ್ಲ.

ಮರುದಿನ ಗಾರೆಯವನನ್ನು ಕರೆಯಿಸಿ ಹಿತ್ತಿಲಿನ ಚಪ್ಪಡಿಗಳನ್ನು ಎತ್ತಿಸಿ ನೋಡಿದೆವು. ಶೌಚಗೃಹದ ಕೊಳವೆಯೇನೋ ಒಳಚರಂಡಿಗೆ ಸರಿಯಾಗಿಯೇ ಸೇರಿತ್ತು. ಆದರೆ ಯಂತ್ರಗಳ ಉರುಳೆಗಳನ್ನೂ ತಟ್ಟೆಗಳನ್ನೂ ತೊಳೆಯುವ ತೊಟ್ಟಿಯ ನೀರು, ಮಸಿಯೊಡನೆ, ರಸ್ತೆಯ ಬದಿಯ ಮಳೆನೀರಿನ ಚರಂಡಿಗೆ ಬೀಳುತ್ತಿತ್ತು. ಆ ಚರಂಡಿ ಹೋಗುವುದು ರಾಜಕಾಲುವೆಗೆ; ರಾಜಕಾಲುವೆ ಹೋಗುವುದು ಯಾವ ತೊರೆಯ ದುರವಸ್ಥೆಯನ್ನು ಕುರಿತು ನಾವು ಇದೇ ಅಂಕಣದಲ್ಲಿ ಹಲವು ಬಾರಿ ಕಣ್ಣೀರು ಸುರಿಸಿದ್ದೇವೆಯೋ ಆ ತೊರೆಗೆ. ಎಷ್ಟು ವರ್ಷಗಳಿಂದ ಹೀಗೆ ನಡೆದಿತ್ತೆಂಬುದನ್ನು ನೆನೆಸಿಕೊಳ್ಳಲು ನಮಗೆ ನಾಚಿಕೆಯಾಗುತ್ತದೆ. ಈಗ ಆ ಬಾಯನ್ನು ಮುಚ್ಚಿಸಿದ್ದೇವೆ. ಮಸಿ ಬೆರೆತ ನೀರನ್ನು ಒಳಚರಂಡಿಗೂ ಬಿಡತಕ್ಕದ್ದಲ್ಲವಾದ್ದರಿಂದ ಅದನ್ನು ಪೀಪಾಯಿಗಳಲ್ಲಿ ಶೇಖರಿಸಿ, ವಿಲೇವಾರಿ ಮಾಡಲು ಅನುಮತಿ ಪಡೆದವರಿಗೆ ಒಪ್ಪಿಸುವ ಏರ್ಪಾಡು ಮಾಡಿದ್ದೇವೆ. ಇದಕ್ಕೆ ತಗಲಿದ ವೆಚ್ಚ ದೊಡ್ಡದಲ್ಲ. ಇಷ್ಟು ದಿನ ಮಾಡದಿದ್ದುದಕ್ಕೆ ಕಾರಣ ಬಡತನವೂ ಅಲ್ಲ, ದುರುದ್ದೇಶವೂ ಅಲ್ಲ, ನೋಡಲಿಲ್ಲ, ಅಷ್ಟೆ.

ಸ್ವಂತ ತಪ್ಪನ್ನು ಬೀದಿಯಲ್ಲಿ ಹರಡಿಕೊಳ್ಳುವುದು ನಮ್ಮ ಪದ್ಧತಿಯಲ್ಲ. ಆದರೂ ಇದನ್ನು ಮೊದಲಿಗೇ ಬರೆದುದೇಕೆಂದರೆ, ತೊರೆಗಳ ಉದ್ಧಾರವನ್ನು ಕುರಿತು ನಾವು ಹೇಳಬೇಕೆಂದಿರುವುದೆಲ್ಲವೂ ಆ ಹೆಣ್ಣುಮಗಳ ಒಂದು ಪ್ರಶ್ನೆಯಲ್ಲಿ ಅಡಗಿದೆ. ತೊರೆಯ ಸೇವೆಯೆಂಬುದು ತೊರೆಯ ದಂಡೆಯಲ್ಲಿ ಆರಂಭವಾಗುವುದಿಲ್ಲ. ಸೇವಕನ ಮನೆಯ ಮೋರಿಯಲ್ಲಿ ಆರಂಭವಾಗುತ್ತದೆ. ಈ ಸೇವೆಯ ಅಳತೆ ಎಷ್ಟು ಚೀಲ ಕಸ ಎತ್ತಿದೆವೆಂಬುದಲ್ಲ. ಕೊಳಚೆ ಬರುವ ಎಷ್ಟು ಬಾಯಿಗಳನ್ನು ಮುಚ್ಚಿಸಿದೆವೆಂಬುದು. ಇಷ್ಟನ್ನು ಒಪ್ಪಿದವರಿಗೆ ಮಿಕ್ಕ ಕರ್ತವ್ಯಗಳು ತಾವಾಗಿಯೇ ಗೋಚರಿಸುವುವು.

ಬೆಂಗಳೂರಿಗೆ ನದಿಯಿಲ್ಲವೆಂದು ಮಕ್ಕಳಿಗೆ ಪಾಠ ಹೇಳುವುದುಂಟು. ಅದು ಅರ್ಧಸತ್ಯ. ನಗರವು ಒಂದು ದಿಣ್ಣೆಯ ಬೆನ್ನಿನ ಮೇಲೆ ಕುಳಿತಿದೆ. ಆ ಬೆನ್ನಿನ ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಯ ಕಡೆಗೆ ಇಳಿಯುತ್ತದೆ. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಯ ಕಣಿವೆಯನ್ನು ಹಿಡಿದು ಅರ್ಕಾವತಿಯನ್ನೂ, ಅರ್ಕಾವತಿಯ ಮೂಲಕ ಕಾವೇರಿಯನ್ನೂ ಸೇರುತ್ತದೆ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ವೃಷಭಾವತಿ ಹುಟ್ಟಿದಳೆಂದು ಜನಶ್ರುತಿ. ಹೆಸರೂ ಅದರಿಂದಲೇ ಬಂದಿತೆನ್ನುತ್ತಾರೆ. ಮಲ್ಲೇಶ್ವರದ ನಂದಿತೀರ್ಥವನ್ನು ಆಕೆಯ ಮತ್ತೊಂದು ಮೂಲವೆಂದು ಹೇಳುವವರೂ ಉಂಟು. ಹೀಗೆ ಹುಟ್ಟಿದಲ್ಲಿ ದೇವಾಲಯ, ಹರಿದಲ್ಲಿ ಗಾಳಿ ಆಂಜನೇಯನ ಸನ್ನಿಧಿ. ಇಷ್ಟು ದೈವಸಾನ್ನಿಧ್ಯವಿದ್ದೂ ಮೈಸೂರು ರಸ್ತೆಯಲ್ಲಿ ಪ್ರಯಾಣ ಮಾಡುವವನು ಈ ತೊರೆಯ ಸಮೀಪಕ್ಕೆ ಬಂದೊಡನೆ ಮಾಡುವ ಮೊದಲನೆಯ ಕೆಲಸವೆಂದರೆ ಮೂಗು ಮುಚ್ಚಿಕೊಳ್ಳುವುದು. ತೀರ್ಥವೆಂದು ಕರೆದ ಬಾಯೇ ಅದನ್ನು ‘ಕೆಂಗೇರಿ ಮೋರಿ’ ಎಂದೂ ಕರೆಯಿತು. ಹೆಸರು ಬದಲಾದ ದಿನವೇ ತೊರೆಯ ಗತಿಯೂ ನಿಶ್ಚಯವಾಯಿತು. ಏಕೆಂದರೆ ನದಿಗೆ ಕಸ ಹಾಕಲು ಮನಸ್ಸು ಅಂಜೀತು, ಮೋರಿಗೆ ಹಾಕಲು ಅಂಜುವವರು ಯಾರು?

ನಮ್ಮ ಹಿರಿಯರು ಈ ತಪ್ಪನ್ನು ಮಾಡಿರಲಿಲ್ಲ. ೧೫೩೭ರಲ್ಲಿ ಕೆಂಪೇಗೌಡರು ಊರು ಕಟ್ಟಿಸಿದಾಗ ನದಿಯ ಕೊರತೆಯನ್ನು ಕೆರೆಗಳಿಂದ ತುಂಬಿಕೊಂಡರು. ಕೆರೆಗೆ ಕೆರೆ ಕೋಡಿ ಕೊಡುವಂತೆ ಕಾಲುವೆಗಳಿದ್ದುವು. ಮುಂದೆ ಬಂದವರಾದ ನಾವು ಧರ್ಮಾಂಬುಧಿಯನ್ನು ಬಸ್ಸುಗಳ ನಿಲ್ದಾಣವನ್ನಾಗಿಯೂ ಸಂಪಂಗಿ ಕೆರೆಯನ್ನು ಕ್ರೀಡಾಂಗಣವನ್ನಾಗಿಯೂ ಮಾಡಿದೆವು. ಕೆರೆಗಳು ಹೋದ ಮೇಲೆ ಕಾಲುವೆಗಳಿಗೆ ಕೆಲಸವೇನು? ಕೊಳಚೆ ಹೊರುವುದೇ ಕೆಲಸವಾಯಿತು. ೧೮೯೮ರ ಮಹಾಮಾರಿಯ ಪ್ಲೇಗಿನ ಕಾಲದಲ್ಲಿ ಜನರು ಪೇಟೆಯ ಇಕ್ಕಟ್ಟನ್ನು ಬಿಟ್ಟು ಒಳ್ಳೆಯ ಗಾಳಿ, ಒಳ್ಳೆಯ ನೆಲಗಳನ್ನು ಅರಸಿ ಹೋಗಿ ನೆಲಸಿದ್ದು ಬಸವನಗುಡಿಯಲ್ಲಿ, ಮಲ್ಲೇಶ್ವರದಲ್ಲಿ. ಆರೋಗ್ಯಕ್ಕಾಗಿಯೇ ಬೆಳೆದ ಎರಡು ಬಡಾವಣೆಗಳ ಮಗ್ಗುಲಲ್ಲಿ ಹುಟ್ಟುವ ತೊರೆ ಇಂದು ರೋಗದ ಹೊಳೆಯಾಗಿದೆಯೆಂಬುದು ವಿದ್ಯಾವಂತರ ನಗರಕ್ಕೆ ಮೆರುಗು ಕೊಡತಕ್ಕ ಸಂಗತಿಯಲ್ಲ.

ನೀರಿನ ಲೆಕ್ಕವನ್ನಾದರೂ ನೋಡೋಣ. ೧೮೯೬ರಲ್ಲಿ ಹೆಸರಘಟ್ಟದಿಂದಲೂ, ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ ಅರ್ಕಾವತಿಯ ನೀರು ನಗರಕ್ಕೆ ಬಂದಿತು. ೧೯೭೪ರಿಂದ ಕಾವೇರಿಯ ನೀರು ಬರುತ್ತಿದೆ. ತೊರೆಕಾಡನಹಳ್ಳಿಯಿಂದ ಸುಮಾರು ೧೦೦ ಕಿಲೋಮೀಟರು ದೂರ, ಸುಮಾರು ೫೦೦ ಮೀಟರು ಎತ್ತರಕ್ಕೆ, ಮೂರು ಕಡೆಗಳಲ್ಲಿ ಯಂತ್ರಗಳು ಹಗಲಿರುಳು ಒತ್ತಿ ಏರಿಸಿದ ನೀರು ನಮ್ಮ ನಲ್ಲಿಗಳಲ್ಲಿ ಬೀಳುತ್ತದೆ. ೨೦೨೪ರ ಅಕ್ಟೋಬರಿನಲ್ಲಿ ಆರಂಭವಾದ ಐದನೆಯ ಹಂತದ ಯೋಜನೆಯೊಂದರಿಂದಲೇ ದಿನಕ್ಕೆ ೭೭೫ ದಶಲಕ್ಷ ಲೀಟರು ನೀರು ತರುವ ಶಕ್ತಿ ನಗರಕ್ಕೆ ಹೆಚ್ಚಾಗಿ ಒದಗಿತು. ಇದನ್ನು ಕುರಿತು ಸಂತೋಷಪಟ್ಟವರು ಬಹಳ ಮಂದಿ. ಆದರೆ ಮನೆಯೊಳಕ್ಕೆ ಬಂದ ನೀರಿನ ಶೇಕಡ ೮೦ ಭಾಗದಷ್ಟು ಕೊಳಚೆಯಾಗಿ ಹೊರಕ್ಕೆ ಹೋಗುವುದೆಂದು ಇಂಜಿನಿಯರುಗಳು ಲೆಕ್ಕ ಹಿಡಿಯುವ ವಾಡಿಕೆಯುಂಟು. ಬಂದ ನೀರಿಗೆ ಉತ್ಸವ, ಹೋಗುವ ನೀರಿಗೆ ಕುರುಡು. ಹೊರಕ್ಕೆ ಹೋದ ಆ ನೀರಿಗೆ ಕೊಳವೆಯೂ ಶುದ್ಧೀಕರಣಾಗಾರವೂ ಎಲ್ಲಿ ಇಲ್ಲವೋ, ಅಥವಾ ಇದ್ದೂ ಕೊಳವೆ ಎಲ್ಲಿ ಒಡೆದಿದೆಯೋ, ಅಲ್ಲಿ ಅದು ತಗ್ಗನ್ನು ಹುಡುಕಿಕೊಂಡು ತೊರೆಗೆ ಇಳಿಯುತ್ತದೆ. ನೀರಿಗೆ ಪೌರಸಭೆಯ ನಿರ್ಣಯಗಳು ತಿಳಿಯವು. ಇಳಿಜಾರು ಮಾತ್ರ ತಿಳಿಯುತ್ತದೆ.

ಇಳಿದು ಹೋದುದು ಮಾಯವಾಗುವುದೂ ಇಲ್ಲ. ಬಿಡದಿಯ ಬಳಿ ಬೈರಮಂಗಲದ ಕೆರೆಯಲ್ಲಿ ಅದು ನೊರೆಯಾಗಿ ನಿಂತಿತು. ಬೇಸಾಯಕ್ಕಾಗಿ ಕಟ್ಟಿದ ಆ ಜಲಾಶಯದ ಕೆಳಗಿನ ರೈತರು ನಮ್ಮ ಸ್ನಾನದ ನೀರನ್ನೂ ಕಾರ್ಖಾನೆಗಳ ಕಷಾಯವನ್ನೂ ಹೊಲಕ್ಕೆ ಹಾಯಿಸಬೇಕಾಯಿತು. ಅಲ್ಲಿಂದ ಮುಂದೆ ಅರ್ಕಾವತಿ, ಸಂಗಮ, ಕಾವೇರಿ. ಕಾವೇರಿಯ ನೀರಿನಲ್ಲಿ ಕನ್ನಡಿಗರ ನ್ಯಾಯವಾದ ಪಾಲಿಗಾಗಿ ಈ ಪತ್ರಿಕೆ ಎಂದೂ ಹಿಂಜರಿಯದೆ ವಾದಿಸಿದೆ, ಮುಂದೆಯೂ ವಾದಿಸುವುದು. ಆದರೆ ನೀರಿನ ಪ್ರಮಾಣವನ್ನು ಕುರಿತು ಎದೆತಟ್ಟಿ ಮಾತನಾಡುವವರು ನೀರಿನ ಗುಣವನ್ನು ಕುರಿತು ತಲೆ ತಗ್ಗಿಸಬೇಕಾಗಿ ಬಂದರೆ ವಾದಕ್ಕೆ ಬಲವೆಲ್ಲಿಂದ ಬರಬೇಕು? ತಾಯಿಯೆಂದು ಕರೆದು ನಾಡಗೀತೆಗಳಲ್ಲಿ ಹಾಡಿದ ನದಿಯ ಮಡಿಲಿಗೆ ನಾವು ಕಳುಹಿಸುವ ಕಾಣಿಕೆ ಇದೇ ಏನು?

“ಇದೆಲ್ಲವೂ ಸರ್ಕಾರದ ಕೆಲಸ. ನಾವು ತೆರಿಗೆ ಕೊಡುತ್ತೇವೆ, ನೀರಿನ ಬಿಲ್ಲಿನೊಡನೆ ಒಳಚರಂಡಿಯ ಶುಲ್ಕವನ್ನೂ ಕೊಡುತ್ತೇವೆ. ನಮ್ಮ ಮಕ್ಕಳು ಭಾನುವಾರ ಪೊರಕೆ ಹಿಡಿದು ಹೋಗಬೇಕೇಕೆ?” ಎಂದು ಕೇಳುವ ಮಹನೀಯರಿದ್ದಾರೆ. ಈ ಮಾತನ್ನು ನಾವು ಹಾಸ್ಯಮಾಡಿ ತಳ್ಳುವುದಿಲ್ಲ. ಅರ್ಧಭಾಗ ನ್ಯಾಯವಾದದ್ದೇ. ಜಲಮಾಲಿನ್ಯವನ್ನು ತಡೆಯುವ ಶಾಸನವಾಗಿದ್ದು ೧೯೭೪ರಲ್ಲಿ. ಐವತ್ತು ವರ್ಷಗಳು ಕಳೆದರೂ ತೊರೆಯಲ್ಲಿ ಕೊಳಚೆ ಹರಿಯುತ್ತಿದ್ದರೆ ಅದಕ್ಕೆ ಸಂಬಳ ಪಡೆಯುವವರು ಉತ್ತರ ಹೇಳತಕ್ಕದ್ದು. ಸೇವೆಯ ಹೆಸರಿನಲ್ಲಿ ಸರ್ಕಾರದ ಲೋಪಗಳಿಗೆ ಪ್ರಜೆಗಳು ತೇಪೆ ಹಾಕುತ್ತ ಹೋದರೆ ಅದು ಸೇವೆಯಲ್ಲ, ಬಿಟ್ಟಿ. ಆದರೆ ಮಿಕ್ಕ ಅರ್ಧಭಾಗವೇನು? ತೊರೆಗೆ ಬಿದ್ದ ಕೊಳಚೆ ಸರ್ಕಾರದ ಮನೆಯಿಂದ ಹೊರಟದ್ದಲ್ಲ. ಕಾಣದಂತೆ ಕೊಳವೆ ತಿರುಗಿಸಿದವನು ಗೃಹಸ್ಥ. ಕಾಣದಂತೆ ಕಣ್ಣು ತಿರುಗಿಸಿದವನು ಅಧಿಕಾರಿ. ಇಬ್ಬರಲ್ಲಿ ಒಬ್ಬನನ್ನೇ ಶಿಕ್ಷಿಸುವ ನ್ಯಾಯ ಯಾವ ಧರ್ಮಶಾಸ್ತ್ರದಲ್ಲಿಯೂ ಇಲ್ಲ.

ಜನರ ಸೇವೆಯಿಂದ ಏನಾಗಬಲ್ಲುದೆಂಬುದಕ್ಕೂ, ಬರಿಯ ಸೇವೆಯಿಂದ ಏನಾಗಲಾರದೆಂಬುದಕ್ಕೂ ಒಂದೇ ದೃಷ್ಟಾಂತ ಪಂಜಾಬಿನಲ್ಲಿದೆ. ನಮ್ಮ ಬೀದರಿನ ನಾನಕ್ ಝೀರಾದ ಬುಗ್ಗೆಯನ್ನು ಬಲ್ಲ ವಾಚಕರಿಗೆ ಗುರುನಾನಕರ ಹೆಸರಿನೊಡನೆ ಸಿಹಿನೀರು ಹೇಗೆ ಸೇರಿಕೊಂಡಿದೆಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಗುರುಗಳು ಅನೇಕ ವರ್ಷ ವಾಸಮಾಡಿದ ಊರು ಸುಲ್ತಾನ್‌ಪುರ ಲೋಧಿ. ಆ ಊರ ಬದಿಯಲ್ಲಿ ಹರಿಯುವ ಕಾಲೀ ಬೇಯ್ನ್ ಎಂಬ ತೊರೆಯಲ್ಲಿ ಮಿಂದಾಗಲೇ ಅವರಿಗೆ ಜ್ಞಾನೋದಯವಾಯಿತೆಂದು ಸಿಖ್ಖರು ನಂಬುತ್ತಾರೆ. ಸುಮಾರು ೧೬೦ ಕಿಲೋಮೀಟರು ಉದ್ದದ ಆ ಪವಿತ್ರ ತೊರೆ ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಊರೂರುಗಳ ಕೊಳಚೆಯಿಂದಲೂ ಜಲಕಳೆಯಿಂದಲೂ ಹೂಳಿನಿಂದಲೂ ತುಂಬಿ, ಎಷ್ಟೋ ಕಡೆ ಅಲ್ಲೊಂದು ತೊರೆಯಿತ್ತೆಂಬುದೇ ಕಾಣದಂತಾಗಿತ್ತು. ಗ್ರಂಥದಲ್ಲಿ ಪವಿತ್ರ, ನೆಲದ ಮೇಲೆ ತಿಪ್ಪೆ. ನಮಗೆ ಅಪರಿಚಿತವಾದ ಸ್ಥಿತಿಯಲ್ಲವಷ್ಟೆ.

೨೦೦೦ದ ಜುಲೈ ತಿಂಗಳಲ್ಲಿ ಸಂತ ಬಲಬೀರ್ ಸಿಂಗ್ ಸೀಚೇವಾಲರು ತಮ್ಮ ಅನುಯಾಯಿಗಳೊಡನೆ ಆ ಕೊಚ್ಚೆಗೆ ಇಳಿದರು. ಮೊದಲು ಅರ್ಜಿಯಿಲ್ಲ, ಅನುದಾನವಿಲ್ಲ. ಕಾರಸೇವೆ, ಎಂದರೆ ಕೂಲಿ ಬೇಡದೆ ಕೈಯಾರೆ ಮಾಡುವ ಸೇವೆ. ಊರೂರಿನ ಜನರು ಬುಟ್ಟಿ ಗುದ್ದಲಿಗಳೊಡನೆ ಬಂದರು. ಹಣವಿದ್ದವರು ಹಣವನ್ನೂ, ಯಂತ್ರವಿದ್ದವರು ಯಂತ್ರವನ್ನೂ, ಹೆಂಗಸರು ದಾಸೋಹದ ರೊಟ್ಟಿಯನ್ನೂ ಕೊಟ್ಟರು. ಕಳೆ ಕಿತ್ತರು, ಹೂಳು ತೆಗೆದರು, ದಂಡೆ ಕಟ್ಟಿ ದಾರಿ ಮಾಡಿದರು, ಸ್ನಾನಘಟ್ಟಗಳನ್ನು ಕಟ್ಟಿದರು, ಗಿಡ ನೆಟ್ಟರು. ವರ್ಷಗಳು ಹಿಡಿದುವು. ೨೦೦೬ರಲ್ಲಿ ರಾಷ್ಟ್ರಪತಿಗಳಾಗಿದ್ದ ಅಬ್ದುಲ್ ಕಲಾಮರು ತಾವೇ ಹೋಗಿ ಆ ಕೆಲಸವನ್ನು ನೋಡಿ ಬಂದರು. ೨೦೧೭ರಲ್ಲಿ ಸೀಚೇವಾಲರಿಗೆ ಪದ್ಮಶ್ರೀ ಬಿರುದು ಬಂದಿತು.

ಇಲ್ಲಿಗೆ ಕಥೆಯನ್ನು ನಿಲ್ಲಿಸಿದರೆ ಅದು ಭಾಷಣಕ್ಕೆ ಒಪ್ಪೀತು, ಸತ್ಯಕ್ಕೆ ಒಪ್ಪದು. ಕೈಯಿಂದ ಕಳೆ ಕೀಳಬಹುದು. ಕೈಯಿಂದ ಕೊಳಚೆಯನ್ನು ತಡೆಯಲಾಗದೆಂಬುದು ಆ ಸೇವಕರಿಗೇ ಬೇಗನೆ ತಿಳಿಯಿತು. ಮೇಲಿನಿಂದ ಊರುಗಳೂ ಪಟ್ಟಣಗಳೂ ಹೊಲಸನ್ನು ಬಿಡುತ್ತಲೇ ಇದ್ದರೆ ಕೆಳಗೆ ಎಷ್ಟು ಬಾಚಿದರೂ ಅದು ತಳವಿಲ್ಲದ ಕೊಡಕ್ಕೆ ನೀರು ಹೊತ್ತಂತೆ. ಆದಕಾರಣ ಅವರು ಹಳ್ಳಿಗಳ ಕೊಳಚೆಯನ್ನು ಬಾವಿಗಳಲ್ಲಿ ತಂಗಿಸಿ, ಹೊಂಡಗಳಲ್ಲಿ ಬಿಸಿಲುಗಾಳಿಗಳಿಂದ ಹದಗೊಳಿಸಿ, ನೆಲದೊಳಗಿನ ಕೊಳವೆಗಳಿಂದ ಹೊಲಗಳಿಗೆ ಹಾಯಿಸುವ ಕ್ರಮವನ್ನು ರೂಢಿಗೆ ತಂದರು. ರೈತನಿಗೆ ಗೊಬ್ಬರದ ನೀರು ದೊರೆಯಿತು; ತೊರೆಗೆ ಬೀಳುವ ಹೊಲಸು ತಪ್ಪಿತು. ಪಟ್ಟಣಗಳ ವಿಷಯದಲ್ಲಿ ಸರ್ಕಾರವನ್ನು ಬಿಡದೆ ಹಿಡಿದು ಶುದ್ಧೀಕರಣಾಗಾರಗಳಿಗಾಗಿ ಒತ್ತಾಯ ಮಾಡಿದರು. ಹಾಗಿದ್ದೂ, ಎಲ್ಲಿ ಪಟ್ಟಣದ ಕೊಳಚೆ ಮರಳಿ ನುಗ್ಗಿತೋ ಅಲ್ಲಿ ಮೀನುಗಳು ಸತ್ತು ತೇಲಿದ ಸುದ್ದಿ ಮುಂದಿನ ವರ್ಷಗಳಲ್ಲಿಯೂ ಬಂದಿದೆ. ಸಾವಿರಾರು ಭಕ್ತರ ಬೆವರನ್ನು ಒಂದು ಕೆಟ್ಟ ಕೊಳವೆ ಒಂದು ರಾತ್ರಿಯಲ್ಲಿ ನಿಷ್ಫಲ ಮಾಡಬಲ್ಲುದು. ಪೊರಕೆಯು ಕೊಳವೆಯನ್ನು ಗೆಲ್ಲಲಾರದು. ಆದರೆ ಪೊರಕೆ ಹಿಡಿದವನಿಗಲ್ಲದೆ ಕೊಳವೆಯ ವಿಷಯದಲ್ಲಿ ಗಟ್ಟಿಯಾಗಿ ಮಾತನಾಡುವ ಅಧಿಕಾರ ಬರಲಾರದು. ಪಂಜಾಬು ಕಲಿಸುವ ಪಾಠ ಇದು.

ನಮ್ಮಲ್ಲಿಯೂ ನಿದರ್ಶನಗಳಿಲ್ಲದೆ ಇಲ್ಲ. ಜಯಪ್ರಕಾಶ ನಗರದ ಪುಟ್ಟೇನಹಳ್ಳಿಯ ಕೆರೆಯನ್ನು ಅದರ ಸುತ್ತಲಿನ ನಿವಾಸಿಗಳು ೨೦೧೦ರಲ್ಲಿ ಒಂದು ಟ್ರಸ್ಟು ಮಾಡಿಕೊಂಡು ನೋಡಿಕೊಳ್ಳತೊಡಗಿದರು. ಕೈಕೊಂಡನಹಳ್ಳಿಯಲ್ಲಿಯೂ ಜಕ್ಕೂರಿನಲ್ಲಿಯೂ ನೆರೆಹೊರೆಯವರ ಕಾವಲು ಕೆರೆಗಳಿಗೆ ಒದಗಿತು. ಈ ಮೂರರಲ್ಲಿಯೂ ಕಾಣುವ ಗುಣವೇನೆಂದರೆ ಉದ್ಘಾಟನೆಯ ಮರುದಿನವೂ ಜನ ಬಂದರು. ಅದರ ಮರುವರ್ಷವೂ ಬಂದರು. ಆದರೆ ಕೆರೆಯನ್ನು ಕಾಯುವುದಕ್ಕಿಂತ ತೊರೆಯನ್ನು ಕಾಯುವುದು ಕಠಿನ. ಕೆರೆಗೆ ದಂಡೆಯುಂಟು, ಸುತ್ತಿ ಬರಬಹುದು, ಬೇಲಿ ಹಾಕಬಹುದು. ತೊರೆಗೆ ತಲೆಯೊಂದು ವಾರ್ಡಿನಲ್ಲಿ, ಹೊಟ್ಟೆಯೊಂದು ವಾರ್ಡಿನಲ್ಲಿ, ಕಾಲು ಮತ್ತೊಂದು ಜಿಲ್ಲೆಯಲ್ಲಿ. ಮೇಲಿನವನು ಮಾಡಿದ ಪಾಪವನ್ನು ಕೆಳಗಿನವನು ಉಣ್ಣುವನು. ಆದುದರಿಂದಲೇ ತೊರೆಯ ಸೇವೆಗೆ ನೆರೆಹೊರೆಯ ಪ್ರೀತಿ ಸಾಲದು. ಕಾಣದ ಊರಿನವನ ಮೇಲೆಯೂ ಕನಿಕರವಿರಬೇಕು. ರಾಷ್ಟ್ರಭಾವನೆಯೆಂಬುದಕ್ಕೆ ಇದಕ್ಕಿಂತ ಸರಳವಾದ ಅರ್ಥ ನಮಗೆ ತಿಳಿಯದು.

ರಾಷ್ಟ್ರಭಾವನೆಯ ಮಾತು ಬಂದುದರಿಂದ ಹಳೆಯ ಸಂಗತಿಯೊಂದನ್ನು ನೆನಪು ಮಾಡುತ್ತೇವೆ. ೧೯೦೧ರ ಕಲ್ಕತ್ತೆಯ ಕಾಂಗ್ರೆಸ್ಸಿಗೆ ಹೋಗಿದ್ದ ಗಾಂಧಿಯವರು ಅಲ್ಲಿಯ ಶೌಚಸ್ಥಾನಗಳ ಹೊಲಸನ್ನು ಕಂಡು ಸ್ವಯಂಸೇವಕರಿಗೆ ಹೇಳಿದಾಗ, ಅದು ತಮ್ಮ ಕೆಲಸವಲ್ಲ, ಝಾಡಮಾಲಿಯ ಕೆಲಸವೆಂಬ ಉತ್ತರ ಬಂದಿತು. ಅವರು ಮರುಮಾತಾಡದೆ ಪೊರಕೆಯನ್ನು ತರಿಸಿಕೊಂಡು ಗುಡಿಸಿದರು. ಅವರೇ ೧೯೨೪ರಲ್ಲಿ ಬೆಳಗಾವಿಯ ಅಧಿವೇಶನಕ್ಕೆ ಅಧ್ಯಕ್ಷರಾದರು. ಮಹಾತ್ಮರು ಅಧ್ಯಕ್ಷತೆ ವಹಿಸಿದ ಕಾಂಗ್ರೆಸ್ಸು ಅದೊಂದೇ. ಅಂದು ಗಂಗಾಧರರಾವ್ ದೇಶಪಾಂಡೆಯವರೂ ಡಾಕ್ಟರ್ ಹರ್ಡೀಕರರೂ ಅಣಿಗೊಳಿಸಿದ ಕನ್ನಡನಾಡಿನ ಸೇವಾವ್ರತಿಗಳ ಹೆಸರು ದೇಶದಲ್ಲೆಲ್ಲ ಹರಡಿತು. ನೆರೆದ ಜನರ ನೀರಿಗಾಗಿ ತೋಡಿಸಿದ ‘ಪಂಪಾಸರೋವರ’ವೆಂಬ ಬಾವಿ ಟಿಳಕವಾಡಿಯಲ್ಲಿ ಇಂದಿಗೂ ಇದೆ. ಸ್ವರಾಜ್ಯಕ್ಕೂ ನೀರಿಗೂ ನಿರ್ಮಲತೆಗೂ ನಂಟು ಹೊಸದಾಗಿ ಕಟ್ಟಿದ್ದಲ್ಲ. ನಮ್ಮ ನೆಲದಲ್ಲಿಯೇ ಅಗೆದು ತೆಗೆದದ್ದು.

ಆದರೆ ಕಲ್ಕತ್ತೆಯ ಸ್ವಯಂಸೇವಕರ ಉತ್ತರ ಇನ್ನೂ ಸತ್ತಿಲ್ಲ. ಪಾಠಶಾಲೆಯಲ್ಲಿ ಮಡಿಯ ನಿಯಮಗಳನ್ನು ಬಾಯಿಪಾಠ ಮಾಡಿದ ನಮ್ಮಂಥವರಿಗೆ ಆ ಉತ್ತರದ ಬೇರು ಎಷ್ಟು ಆಳವೆಂಬುದು ಗೊತ್ತು. ನೀರನ್ನು ಮುಟ್ಟಿ ಶುದ್ಧರಾಗುವ ನಾವು, ನಾವು ಕೆಡಿಸಿದ ನೀರನ್ನು ಮುಟ್ಟುವವನನ್ನು ಅಶುದ್ಧನೆಂದೆವು. ಈ ಒಂದು ವಾಕ್ಯದಲ್ಲಿ ನಮ್ಮ ತೊರೆಗಳ ಇತಿಹಾಸವೂ ನಮ್ಮ ಸಮಾಜದ ಇತಿಹಾಸವೂ ಅಡಗಿವೆ. ಹೊಲಸನ್ನು ಎತ್ತುವುದಕ್ಕೆ ಬೇರೆಯೇ ಒಂದು ಜಾತಿಯಿದೆಯೆಂಬ ನಂಬಿಕೆಯಿದ್ದಲ್ಲಿ ಹೊಲಸನ್ನು ಮಾಡದಿರಬೇಕೆಂಬ ಎಚ್ಚರ ಹುಟ್ಟುವುದೇ ಇಲ್ಲ.

ಭಾನುವಾರದ ತರುಣರು ಈ ನಂಬಿಕೆಗೆ ಪೆಟ್ಟು ಕೊಡುತ್ತಿದ್ದಾರೆಂಬುದೇ ನಮಗೆ ಎಲ್ಲಕ್ಕಿಂತ ದೊಡ್ಡ ಸಂತೋಷ. ಆದರೆ ಅವರಿಗೊಂದು ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಉತ್ಸಾಹದ ಭರದಲ್ಲಿ ಯಾರೂ ಕೊಳಚೆಯ ನೀರಿಗೆ ಇಳಿಯತಕ್ಕದ್ದಲ್ಲ. ಒಳಚರಂಡಿಯ ಗುಂಡಿಗಳಲ್ಲಿ ವಿಷವಾಯುವಿರುತ್ತದೆ. ಅದು ಸ್ವಯಂಸೇವಕನ ಸದುದ್ದೇಶವನ್ನು ವಿಚಾರಿಸಿಕೊಂಡು ಕೊಲ್ಲುವುದಿಲ್ಲ. ಮನುಷ್ಯರನ್ನು ಅಂತಹ ಗುಂಡಿಗಳಲ್ಲಿ ರಕ್ಷಣೆಯಿಲ್ಲದೆ ಇಳಿಸುವುದನ್ನು ೨೦೧೩ರ ಶಾಸನ ನಿಷೇಧಿಸಿದೆ. ೨೦೨೩ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಹಾಗೆ ಸತ್ತವರ ಕುಟುಂಬಗಳಿಗೆ ೩೦ ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ವಿಧಿಸಿತು. ಸಾವು ನಿಂತಿದ್ದರೆ ಪರಿಹಾರದ ಮೊತ್ತವನ್ನು ಹೆಚ್ಚಿಸುವ ಪ್ರಸಂಗವೇ ಬರುತ್ತಿರಲಿಲ್ಲ. ಆದುದರಿಂದ ದಂಡೆಯ ಕಸಕ್ಕೆ ಸ್ವಯಂಸೇವಕರು ಕೈಹಾಕಲಿ. ಕೈಚೀಲ, ಪಾದರಕ್ಷೆಗಳಿಲ್ಲದೆ ಅದಕ್ಕೂ ಬೇಡ. ಕೊಳಚೆಯ ಕೆಲಸವನ್ನು ಯಂತ್ರ ಮಾಡಲಿ. ಮತ್ತು ತಮ್ಮ ಕೈಗೆ ತೊಟ್ಟ ಕೈಚೀಲ ಅದೇ ಬೀದಿಯ ಪೌರಕಾರ್ಮಿಕನ ಕೈಗೂ ಇದೆಯೇ ಎಂದು ಒಮ್ಮೆ ನೋಡಲಿ. ಇಲ್ಲದಿದ್ದರೆ ಅಂದಿನ ಮೊದಲನೆಯ ಸೇವೆ ಕಸ ಎತ್ತುವುದಲ್ಲ, ಅದನ್ನು ಕೊಡಿಸುವುದು.

ಇನ್ನೊಂದು ಅನ್ಯಾಯವನ್ನು ಕುರಿತೂ ಹೇಳಬೇಕು. ತೊರೆಯ ಶುದ್ಧಿಯ ಮಾತೆತ್ತಿದೊಡನೆ ದಂಡೆಯಲ್ಲಿ ಗುಡಿಸಲು ಹಾಕಿಕೊಂಡ ಬಡವರ ಕಡೆಗೆ ಬೆರಳು ತಿರುಗುವುದುಂಟು. ಅವರ ಕಸ ಕಣ್ಣಿಗೆ ಕಾಣುತ್ತದೆ, ನಿಜ. ಆದರೆ ಅಂತಸ್ತಿನ ಮೇಲೆ ಅಂತಸ್ತು ಕಟ್ಟಿದ ಸೌಧದ ಕೊಳವೆ ನೆಲದೊಳಗಿರುವುದರಿಂದ ಕಾಣುವುದಿಲ್ಲ. ಮಹಾಮಳೆಯ ರಾತ್ರಿ ಮೊದಲು ಮನೆಯೊಳಕ್ಕೆ ನೀರು ಬರುವುದೂ ಆ ಗುಡಿಸಲಿಗೇ. ೨೦೨೨ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವದ ಭಾಗದಲ್ಲಿ ಭಾಗ್ಯವಂತರ ಬಡಾವಣೆಗಳೂ ಮುಳುಗಿ, ಅಲ್ಲಿಯವರು ಟ್ರಾಕ್ಟರುಗಳ ಮೇಲೆಯೂ ದೋಣಿಗಳಲ್ಲಿಯೂ ಹೊರಬಂದಾಗ ದೇಶವೆಲ್ಲ ನೋಡಿತು. ಗುಡಿಸಲುಗಳು ವರ್ಷಂಪ್ರತಿ ಮುಳುಗುವುದನ್ನು ನೋಡುವವರಾರು? ಬಡವರನ್ನು ಎಬ್ಬಿಸಿ ದಂಡೆಯನ್ನು ಉದ್ಯಾನ ಮಾಡುವುದು ತೊರೆಯ ಉದ್ಧಾರವೆನಿಸದು. ಅವರಿಗೆ ನೆಲೆಯನ್ನೂ ಶೌಚಗೃಹವನ್ನೂ ಕೊಟ್ಟು, ಕಾವಲಿನ ಕೆಲಸದಲ್ಲಿ ಅವರನ್ನು ಸೇರಿಸಿಕೊಳ್ಳತಕ್ಕದ್ದು. ತೊರೆಯ ಏರಿಳಿತವನ್ನು ಅವರಷ್ಟು ಬಲ್ಲವರಾರೂ ಇಲ್ಲ.

ಈಗ ಅಧಿಕಾರಿವರ್ಗದವರಿಗೆ ನಮ್ಮ ಬಿನ್ನಹ. ಮಳೆನೀರಿನ ಕಾಲುವೆ ನಗರಪಾಲಿಕೆಯ ವಶ, ಕೊಳಚೆಯ ಕೊಳವೆ ಜಲಮಂಡಳಿಯ ವಶ, ಕಾರ್ಖಾನೆಯ ವಿಷ ಮಾಲಿನ್ಯ ನಿಯಂತ್ರಣ ಮಂಡಳಿಯ ವಶ. ಈ ಮೂವರ ನಡುವೆ ನಡೆಯುವ ಪತ್ರವ್ಯವಹಾರದ ಕಾಗದವನ್ನು ಹಾಸಿದರೆ ತೊರೆಯ ಎರಡು ದಂಡೆಗಳನ್ನೂ ಮುಚ್ಚಬಹುದು. ಸ್ವಯಂಸೇವಕರು ಬಂದು ಒಂದು ಕೊಳಚೆಬಾಯನ್ನು ತೋರಿಸಿದರೆ ಅದು ಯಾರದೆಂದು ಗೊತ್ತುಮಾಡುವ ಭಾರವನ್ನು ಅವರ ಮೇಲೆ ಹೊರಿಸಬೇಡಿರಿ. ಅದು ನಿಮ್ಮನಿಮ್ಮೊಳಗಿನ ವಿಷಯ. ದೂರು ಮುಟ್ಟಿದ ೩೦ ದಿನಗಳೊಳಗೆ ಬರವಣಿಗೆಯ ಉತ್ತರ ಕೊಡಿರಿ. ೧೯೯೨ರ ಸಂವಿಧಾನ ತಿದ್ದುಪಡಿ ಮಹಾನಗರಗಳಿಗೆ ವಾರ್ಡು ಸಮಿತಿಗಳನ್ನು ವಿಧಿಸಿದೆ. ಆ ಸಮಿತಿಯ ಪ್ರತಿಯೊಂದು ಸಭೆಯಲ್ಲಿಯೂ ತೊರೆಯ ವಿಷಯ ಒಂದು ಖಾಯಂ ಬಾಬಾಗಿರಲಿ. ಮತ್ತು ದಯವಿಟ್ಟು ಕಾಲುವೆಯ ತಳಕ್ಕೆ ಕಾಂಕ್ರೀಟು ಹಾಕಿಸುವುದನ್ನೇ ಪುನರುಜ್ಜೀವನವೆಂದು ಕರೆಯಬೇಡಿರಿ. ತಳವನ್ನು ಮುಚ್ಚಿದ ತೊರೆ ಅಂತರ್ಜಲಕ್ಕೆ ಹನಿಯನ್ನೂ ಕೊಡಲಾರದು. ಮಳೆಯ ನೀರನ್ನು ಇನ್ನಷ್ಟು ಬೇಗ ಕೆಳಗಿನವರ ಮನೆಗೆ ಮುಟ್ಟಿಸುವುದಷ್ಟೇ ಅದರ ಕೆಲಸ. ಉದ್ಘಾಟನೆಗೆ ನೀವು ಬಾರದಿದ್ದರೂ ಚಿಂತೆಯಿಲ್ಲ. ಮುಂದಿನ ತಿಂಗಳು ಯಾರೂ ಕರೆಯದೆ ಒಂದು ದಿನ ಬನ್ನಿರಿ.

ಸ್ವಯಂಸೇವಕರಿಗೆ ನಾವು ಸೂಚಿಸುವುದು ಇಷ್ಟು. ಇಡೀ ತೊರೆಯನ್ನು ಉದ್ಧಾರಮಾಡುವ ಸಂಕಲ್ಪ ಬೇಡ. ಒಂದೊಂದು ತಂಡ ಅರ್ಧ ಕಿಲೋಮೀಟರನ್ನು ಹನ್ನೆರಡು ತಿಂಗಳ ಕಾಲ ತನ್ನದೆಂದುಕೊಳ್ಳಲಿ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ. ಮೊದಲ ತಿಂಗಳು ಪೊರಕೆಗಿಂತ ಪುಸ್ತಕ ಮುಖ್ಯ. ಮಳೆಯಿಲ್ಲದ ದಿನ ದಂಡೆಯಲ್ಲಿ ನಡೆಯಿರಿ. ಮಳೆನೀರಿನ ಕಾಲುವೆ ಅಂದು ಒಣಗಿರಬೇಕು. ಯಾವ ಬಾಯಿಂದ ನೀರು ಬೀಳುತ್ತಿದೆಯೋ ಅದು ಮಳೆಯಲ್ಲ, ಯಾರದೋ ಮನೆಯದು, ಅಥವಾ ಒಡೆದ ಕೊಳವೆಯದು. ಪ್ರತಿಯೊಂದು ಬಾಯಿಗೂ ಅಂಕಿ ಹಾಕಿ, ಸ್ಥಳ, ದಿನ, ಹೊತ್ತು, ಬಣ್ಣ, ವಾಸನೆಗಳನ್ನು ಬರೆದು, ಛಾಯಾಚಿತ್ರ ತೆಗೆದಿಡಿರಿ. ಆ ಪಟ್ಟಿಯನ್ನು ಮೇಲೆ ಹೇಳಿದ ಮೂವರಿಗೂ ಒಂದೇ ದಿನ ಕಳುಹಿಸಿರಿ. ಮುಂದಿನ ತಿಂಗಳು ಮತ್ತೆ ನಡೆದು, ಮುಚ್ಚಿದವು ಎಷ್ಟು, ಹೊಸದಾಗಿ ಹುಟ್ಟಿದವು ಎಷ್ಟು ಎಂದು ನೋಡಿರಿ. ಕೊಳಚೆ ನಿಂತ ಎಡೆಯಲ್ಲಿ ದಂಡೆಗೆ ಹೊಂಗೆ, ನೇರಳೆ, ಅತ್ತಿ, ಲಾವಂಚಗಳನ್ನು ನೆಡಿರಿ. ಬೇರುಗಳು ಮಣ್ಣನ್ನು ಹಿಡಿಯುವುವು. ಕೊಳಚೆ ನಿಲ್ಲುವ ಮೊದಲೇ ನೆಟ್ಟ ಗಿಡ ಹೊಲಸಿನ ಮೇಲೆ ಹೊದಿಸಿದ ಹಸುರು ಜಮಖಾನೆ.

ಗೃಹಸ್ಥರಾದ ವಾಚಕರಿಗೆ ಕೇಳುವುದು ಇನ್ನೂ ಸ್ವಲ್ಪ. ಭಾನುವಾರ ದಂಡೆಗೆ ಹೋಗಲು ವಯಸ್ಸೋ ಆರೋಗ್ಯವೋ ಅಡ್ಡಬರುವವರು ಮನೆಯಲ್ಲಿಯೇ ಇರಲಿ. ಆದರೆ ಅಂದು ಬೆಳಿಗ್ಗೆ ತಮ್ಮ ಹಿತ್ತಿಲಿನ ಚಪ್ಪಡಿಯೊಂದನ್ನು ಎತ್ತಿಸಿ ನೋಡಲಿ. ಬಚ್ಚಲಿನ ನೀರು, ಅಡಿಗೆಮನೆಯ ನೀರು, ವಾಹನ ತೊಳೆದ ನೀರು ಎಲ್ಲಿಗೆ ಹೋಗುತ್ತಿದೆಯೆಂಬುದನ್ನು ಕಂಡುಕೊಳ್ಳಲಿ. ತಪ್ಪಿದ್ದರೆ ತಿದ್ದಿಕೊಳ್ಳಲಿ. ಅಧಿಕಾರಿಗಳಾದ ವಾಚಕರು ತಮ್ಮ ಕಛೇರಿಯ ಕಟ್ಟಡದಲ್ಲಿಯೂ, ವ್ಯಾಪಾರಿಗಳು ತಮ್ಮ ಅಂಗಡಿ ಹೋಟೆಲುಗಳಲ್ಲಿಯೂ, ಧರ್ಮದರ್ಶಿಗಳು ತಮ್ಮ ದೇವಾಲಯ ಛತ್ರಗಳಲ್ಲಿಯೂ ಇದನ್ನೇ ಮಾಡಲಿ. ಇದಕ್ಕೆ ಯಾರ ಅನುಮತಿಯೂ ಬೇಡ, ಯಾವ ಸಮಿತಿಯೂ ಬೇಡ. ಪ್ರಾಕೃತಿಕ ಪರಿಸರವನ್ನೂ ನದಿಗಳನ್ನೂ ಕಾಪಾಡುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆಂದು ನಮ್ಮ ಸಂವಿಧಾನದ ೫೧-ಎ ವಿಧಿ ಹೇಳುತ್ತದೆ. ಹಕ್ಕುಗಳ ಅಧ್ಯಾಯವನ್ನು ಬಲ್ಲ ನಾವು ಆ ಪುಟವನ್ನೂ ಒಮ್ಮೆ ತಿರುವಿಹಾಕಬಹುದು.

ನಮ್ಮ ಪಾಲಿಗೆ ಬಂದ ಕೆಲಸವನ್ನೂ ಹೇಳಿ ಮುಗಿಸುತ್ತೇವೆ. ತಂಡಗಳು ತಿಂಗಳಿಗೊಮ್ಮೆ ಕಳುಹಿಸುವ ಪಟ್ಟಿಗಳನ್ನು, ಕೊಳಚೆಬಾಯಿಗಳ ಅಂಕಿಯೊಡನೆ, ದೂರು ಕೊಟ್ಟ ದಿನ ಮತ್ತು ಉತ್ತರ ಬಂದ ದಿನಗಳೊಡನೆ, ಈ ಪತ್ರಿಕೆ ಒಂದು ಅಂಕಣದಲ್ಲಿ ಅಚ್ಚು ಮಾಡುವುದು. ಉತ್ತರ ಬಾರದಿದ್ದರೆ ಆ ಸ್ಥಳವನ್ನು ಖಾಲಿ ಬಿಡುವುದು. ಖಾಲಿ ಸ್ಥಳಕ್ಕಿಂತ ಕಟುವಾದ ಟೀಕೆಯನ್ನು ಬರೆಯಲು ನಮಗೆ ಬಾರದು. ಪಟ್ಟಿಯ ಮೊದಲನೆಯ ಸಾಲಿನಲ್ಲಿ ನಮ್ಮ ಮುದ್ರಣಾಲಯದ ಬಾಯಿ ಇರುವುದು. ಮುಚ್ಚಿಸಿದ ದಿನವೂ ಅದರ ಮುಂದೆ ಇರುವುದು. ಎರಡನೆಯ ಸಾಲು ಯಾರದೆಂಬುದನ್ನು ತರುಣರು ಭಾನುವಾರ ಬೆಳಿಗ್ಗೆ ಹುಡುಕುವರು. ಅವರು ಬಂದು ಕೇಳುವ ಮೊದಲೇ ಉತ್ತರವನ್ನು ತಿಳಿದಿಟ್ಟುಕೊಂಡವರು ಧನ್ಯರು.